ಮೊಬೈಲ್ ಮೂಲದ ಚಿಪ್‌ಗಳ ಗ್ರಾಫಿಕ್ಸ್ ಸಾಮರ್ಥ್ಯ ಮತ್ತು ಗಡಿನಾಡಿನ ಶಾಸನಗಳು: ಹಿಂದೂಪುರ–ಕಲ್ಯಾಣದುರ್ಗ ಪರಿಸರದ ದೃಷ್ಟಿಯಿಂದ

ಹಿಂದೂಪುರದಿಂದ ಮಡಕಶಿರಾ ಮಾರ್ಗವಾಗಿ ಕಲ್ಯಾಣದುರ್ಗದವರೆಗೆ ಹಬ್ಬಿರುವ ಗಡಿ ಪ್ರದೇಶವು ಆಡಳಿತದ ದೃಷ್ಟಿಯಿಂದ ಆಂಧ್ರಪ್ರದೇಶಕ್ಕೆ ಸೇರಿದ್ದರೂ ಶಾಸನಗಳ ಮಟ್ಟಿಗೆ ಕನ್ನಡದ ಹಳೆಯ ನೆಲ. ಮಡಕಶಿರಾ ಸೀಮೆಯ ಹೇಮಾವತಿಯು ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಹಿಂದೂಪುರಕ್ಕೆ ಸಮೀಪದ ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ 16ನೆಯ ಶತಮಾನದ ಕನ್ನಡ ಶಾಸನಗಳಿವೆ. 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರೂಪುಗೊಂಡ ಅನಂತಪುರ ಜಿಲ್ಲೆಯು 2022ರಲ್ಲಿ ಮತ್ತೆ ಒಡೆದು, ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಗಡಿಗಳು ಹೀಗೆ ಬದಲಾದರೂ ಕಲ್ಲುಗಳು ನಿಂತಲ್ಲಿಯೇ ನಿಂತಿವೆ. ಮದರಾಸು ಪ್ರಾಂತದ ಕನ್ನಡ ಶಾಸನಗಳನ್ನು ಒಳಗೊಂಡ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟದ ಮೊದಲ ಭಾಗವು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ಪ್ರಕಟವಾಗಿ ಈ ಸೀಮೆಯ ಅನೇಕ ಪಾಠಗಳನ್ನು ವಿದ್ವತ್ ಲೋಕಕ್ಕೆ ಒದಗಿಸಿತು.

ಪಾಠ ಅಚ್ಚಾದ ಮಾತ್ರಕ್ಕೆ ಕಲ್ಲು ಉಳಿಯುವುದಿಲ್ಲ. ಬಯಲಿನಲ್ಲಿ ನಿಂತ ಕಲ್ಲು ಬಿಸಿಲು ಮಳೆಗೆ ಸವೆಯುತ್ತದೆ. ಊರೊಳಗಿನ ಕಲ್ಲಿಗೆ ಸುಣ್ಣ, ಎಣ್ಣೆ, ಬಣ್ಣ ಬೀಳುತ್ತವೆ. ಆದ್ದರಿಂದ ಮೂರು ಆಯಾಮದ ಡಿಜಿಟಲ್ ದಾಖಲಾತಿಯು ಇಂದು ಶಾಸನಾಧ್ಯಯನದ ಸಹಜ ಮುಂದುವರಿಕೆಯಾಗಿದೆ. ಹಿಂದೂಪುರಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯು ಬೆಂಗಳೂರು ಸೀಮೆಯ ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣೆಯನ್ನು ಕೈಗೆತ್ತಿಕೊಂಡಿರುವುದು ಇದಕ್ಕೆ ನಿದರ್ಶನ. ಇಂಥ ಕೆಲಸಕ್ಕೆ ತೊಡಗುವ ಸಣ್ಣ ಸಂಶೋಧನ ಕೇಂದ್ರವು ಮೊದಲಿಗೆ ಎದುರಿಸುವ ಪ್ರಶ್ನೆ ಯಂತ್ರದ ಆಯ್ಕೆಯದು. ಮಾರುಕಟ್ಟೆಯಲ್ಲಿ ಈಗ ದೊರೆಯುವ ಹಗುರವಾದ, ಬ್ಯಾಟರಿ ಬಹುಕಾಲ ಬಾಳುವ ಅನೇಕ ಲ್ಯಾಪ್‌ಟಾಪ್‌ಗಳ ಒಳಗಿರುವುದು ಮೊಬೈಲ್ ಫೋನಿನ ವಂಶದ ಚಿಪ್. ಅದರ ಗ್ರಾಫಿಕ್ಸ್ ಸಾಮರ್ಥ್ಯ ಯಾವ ಕೆಲಸಕ್ಕೆ ಸಾಲುತ್ತದೆ, ಯಾವುದಕ್ಕೆ ಸಾಲದು ಎಂಬುದನ್ನು ತಿಳಿಯದೆ ಖರೀದಿಸಿದರೆ ಒಂದು ಅನುದಾನವೂ ಒಂದು ಕ್ಷೇತ್ರಕಾರ್ಯದ ಋತುವೂ ವ್ಯರ್ಥವಾಗಬಹುದು.

ವಂಶಾವಳಿ

ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಹೊಣೆ ಹೊತ್ತ ಭಾಗವನ್ನು ಜಿಪಿಯು ಎಂದು ಕರೆಯುವುದು ರೂಢಿ. ಮೇಜಿನ ಕಂಪ್ಯೂಟರಿನ ಪರಂಪರೆಯಲ್ಲಿ ಇದು ತನ್ನದೇ ಸ್ಮೃತಿ, ತನ್ನದೇ ಫ್ಯಾನು, ತನ್ನದೇ ವಿದ್ಯುತ್ ಸಂಪರ್ಕ ಹೊಂದಿದ ಪ್ರತ್ಯೇಕ ಕಾರ್ಡು. ಮೊಬೈಲ್ ಪರಂಪರೆಯಲ್ಲಾದರೋ ಲೆಕ್ಕ ಮಾಡುವ ಪ್ರೊಸೆಸರ್, ಚಿತ್ರ ಬಿಡಿಸುವ ಜಿಪಿಯು, ಕ್ಯಾಮೆರಾ ಸಂಕೇತಗಳನ್ನು ಸಂಸ್ಕರಿಸುವ ಘಟಕ ಎಲ್ಲವೂ ಒಂದೇ ಚಿಪ್‌ನಲ್ಲಿದ್ದು, ಒಂದೇ ಸ್ಮೃತಿಯನ್ನು ಹಂಚಿಕೊಳ್ಳುತ್ತವೆ.

ಈ ಪರಂಪರೆಯ ಮುಖ್ಯ ಜಿಪಿಯು ಕುಲಗಳು ಮೂರು. ಆರ್ಮ್ ಸಂಸ್ಥೆಯ ಮಾಲಿ, ನಾರ್ವೆಯ ಫಾಲಾಂಕ್ಸ್ ಎಂಬ ಸಣ್ಣ ಸಂಸ್ಥೆಯಿಂದ 2006ರಲ್ಲಿ ಬಂದದ್ದು. ಕ್ವಾಲ್‌ಕಾಮ್‌ನ ಅಡ್ರೀನೊ, 2009ರಲ್ಲಿ ಎಎಂಡಿಯಿಂದ ಕೊಂಡ ಕೈಸಾಧನಗಳ ಗ್ರಾಫಿಕ್ಸ್ ವಿಭಾಗದ ಫಲ. ಎಎಂಡಿಯ ‘ರೇಡಿಯಾನ್’ ಹೆಸರಿನ ರೋಮನ್ ಅಕ್ಷರಗಳನ್ನೇ ಸ್ಥಾನಪಲ್ಲಟ ಮಾಡಿದರೆ ‘ಅಡ್ರೀನೊ’ ಎಂದಾಗುತ್ತದೆ. ಆಪಲ್‌ನ ಜಿಪಿಯು ಇಮ್ಯಾಜಿನೇಷನ್ ಸಂಸ್ಥೆಯ ಪವರ್‌ವಿಆರ್ ವಿನ್ಯಾಸದ ಋಣ ಹೊತ್ತದ್ದು. ಮೂರೂ ಮೊದಲು ಬೆಳೆದದ್ದು ಅಂಗೈಯಷ್ಟು ಪರದೆಗಾಗಿ.

ಇವು ಲ್ಯಾಪ್‌ಟಾಪಿಗೆ ದಾಟಿದ ದಾರಿಯೂ ಸ್ಪಷ್ಟವಾಗಿದೆ. 2012ರಲ್ಲಿ ಸ್ಯಾಮ್‌ಸಂಗ್ ಕ್ರೋಮ್‌ಬುಕ್ ಎಕ್ಸಿನಾಸ್ ಚಿಪ್ ಮತ್ತು ಮಾಲಿ ಜಿಪಿಯುವಿನೊಂದಿಗೆ ಬಂದಿತು. 2020ರ ನವೆಂಬರಿನಲ್ಲಿ ಬಂದ ಆಪಲ್ ಎಂ1, ಅದೇ ವರ್ಷದ ಐಫೋನಿನ ಎ14 ಚಿಪ್‌ನ ತಿರುಳನ್ನೇ ಹಿಗ್ಗಿಸಿದ ರೂಪ. ಭಾರತದಲ್ಲಿ 2022ರ ಜಿಯೋಬುಕ್ ಸ್ನ್ಯಾಪ್‌ಡ್ರಾಗನ್ 665 ಎಂಬ ಫೋನ್ ಚಿಪ್ಪನ್ನೇ ಹೊತ್ತಿತ್ತು. 2023ರ ಜಿಯೋಬುಕ್ 16,499 ರೂಪಾಯಿ ಬೆಲೆಗೆ ಮೀಡಿಯಾಟೆಕ್‌ನ ಎಂಟಿ8788 ಚಿಪ್, ಮಾಲಿ ಜಿಪಿಯು ಮತ್ತು 4 ಜಿಬಿ ಸ್ಮೃತಿಯೊಂದಿಗೆ ಬಂದಿತು. 2024ರ ಜೂನ್‌ನಲ್ಲಿ ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರಾಗನ್ ಎಕ್ಸ್ ಸರಣಿಯ ವಿಂಡೋಸ್ ಲ್ಯಾಪ್‌ಟಾಪ್‌ಗಳು ಮಾರುಕಟ್ಟೆಗೆ ಬಂದವು.

‘ಮೊಬೈಲ್ ಮೂಲದ್ದು’ ಎಂಬ ಒಂದೇ ಮಾತು ಈ ಎಲ್ಲವನ್ನೂ ಅಳೆಯಲಾರದು. ಎಂ1ರ ಎಂಟು ತಿರುಳಿನ ಜಿಪಿಯು ಸೆಕೆಂಡಿಗೆ 2.6 ಲಕ್ಷ ಕೋಟಿ ಗಣಿತಕ್ರಿಯೆಗಳನ್ನು ಮಾಡಬಲ್ಲದೆಂದು ತಯಾರಕರು ಹೇಳುತ್ತಾರೆ. ಸ್ನ್ಯಾಪ್‌ಡ್ರಾಗನ್ ಎಕ್ಸ್ ಕುಟುಂಬದೊಳಗೇ ಈ ಅಂಕಿ 1.7ರಿಂದ 4.6 ಲಕ್ಷ ಕೋಟಿಯವರೆಗೆ ವ್ಯತ್ಯಾಸವಾಗುತ್ತದೆ. ಪೆಟ್ಟಿಗೆಯ ಮೇಲಿನ ಹೆಸರು ಒಂದೇ ಆದರೂ ಒಳಗಿನ ಶಕ್ತಿ ಒಂದೇ ಅಲ್ಲ. ಇದೇ ಯಂತ್ರಗಳ ಜಾಹೀರಾತಿನಲ್ಲಿ ಕಾಣುವ ‘45 ಟಾಪ್ಸ್’ ಎಂಬ ಅಂಕಿಯು ಕೃತಕ ಬುದ್ಧಿಮತ್ತೆಗೆಂದು ಮೀಸಲಾದ ಬೇರೊಂದು ಘಟಕದ ಅಳತೆ. ಅದಕ್ಕೂ ಚಿತ್ರ ಬಿಡಿಸುವ ಶಕ್ತಿಗೂ ಸಂಬಂಧವಿಲ್ಲ.

ಚೌಕ ಚೌಕವಾಗಿ ಬಿಡಿಸುವ ಕ್ರಮ

ಮೊಬೈಲ್ ಜಿಪಿಯುವಿನ ಸ್ವಭಾವವನ್ನು ಅರಿಯಲು ಒಂದು ಸರಳ ಲೆಕ್ಕ ಸಾಕು. ಸಾಧಾರಣ ಲ್ಯಾಪ್‌ಟಾಪ್ ಪರದೆಯಲ್ಲಿ 1920ಕ್ಕೆ 1080ರಂತೆ ಸುಮಾರು 20.7 ಲಕ್ಷ ಬಿಂದುಗಳಿವೆ. ಬಿಂದುವೊಂದರ ಬಣ್ಣಕ್ಕೆ 4 ಬೈಟ್ ಹಿಡಿದರೆ ಒಂದು ಚಿತ್ರಕ್ಕೆ 8.3 ಎಂಬಿ, ಸೆಕೆಂಡಿಗೆ 60 ಚಿತ್ರಗಳಿಗೆ ಸುಮಾರು 500 ಎಂಬಿ ಬೇಕು. ಮೂರು ಆಯಾಮದ ದೃಶ್ಯದಲ್ಲಿ ಒಂದರ ಹಿಂದೆ ಒಂದು ವಸ್ತು ಇರುವುದರಿಂದ ಅದೇ ಬಿಂದುವನ್ನು ಹಲವು ಬಾರಿ ಬರೆದು ಅಳಿಸಬೇಕಾಗುತ್ತದೆ. ಯಾವುದು ಮುಂದೆ, ಯಾವುದು ಹಿಂದೆ ಎಂಬ ಆಳದ ಲೆಕ್ಕವನ್ನೂ ಇಡಬೇಕು. ಹೊರಗಿನ ಸ್ಮೃತಿಗೆ ಹೀಗೆ ಮತ್ತೆ ಮತ್ತೆ ಹೋಗಿ ಬರುವುದಕ್ಕೆ ಲೆಕ್ಕ ಮಾಡುವುದಕ್ಕಿಂತ ಹೆಚ್ಚು ವಿದ್ಯುತ್ ವ್ಯಯವಾಗುತ್ತದೆ. ಫೋನಿನ ಸಣ್ಣ ಬ್ಯಾಟರಿ ಇದನ್ನು ತಾಳದು.

ಇದಕ್ಕೆ ಕಂಡುಕೊಂಡ ಪರಿಹಾರ ಪರದೆಯನ್ನು ಸಣ್ಣ ಚೌಕಗಳಾಗಿ ವಿಭಜಿಸುವುದು. ಒಂದು ಬದಿಗೆ 32 ಬಿಂದುಗಳ ಚೌಕವೆಂದು ಹಿಡಿದರೆ ಮೇಲಿನ ಪರದೆಯಲ್ಲಿ 2,040 ಚೌಕಗಳಾಗುತ್ತವೆ. ಒಂದು ಚೌಕದ ಬಣ್ಣ ಮತ್ತು ಆಳ ಎರಡಕ್ಕೂ ಸೇರಿ 8 ಕೆಬಿ ಸಾಕು. ಇಷ್ಟು ಜಾಗ ಚಿಪ್‌ನ ಒಳಗೇ ಇರುತ್ತದೆ. ಆ ಚೌಕದ ಬರೆಯುವಿಕೆ, ಅಳಿಸುವಿಕೆಗಳೆಲ್ಲ ಒಳಗೇ ನಡೆದು, ಕೊನೆಯ ಬಣ್ಣ ಮಾತ್ರ ಹೊರಗಿನ ಸ್ಮೃತಿಗೆ ಹೋಗುತ್ತದೆ. ಮಾಲಿ ಮತ್ತು ಪವರ್‌ವಿಆರ್ ಪರಂಪರೆಗಳ ಮಿತವ್ಯಯದ ಗುಟ್ಟು ಇದೇ.

ಮಿತವ್ಯಯಕ್ಕೂ ಒಂದು ಬೆಲೆಯಿದೆ. ಬಿಡಿಸಲು ತೊಡಗುವ ಮುನ್ನ ದೃಶ್ಯದ ಪ್ರತಿಯೊಂದು ತ್ರಿಕೋನವೂ ಯಾವ ಚೌಕಕ್ಕೆ ಸೇರಿದ್ದೆಂದು ವಿಂಗಡಿಸಿ, ಆ ಪಟ್ಟಿಯನ್ನು ಸ್ಮೃತಿಯಲ್ಲಿ ಇರಿಸಬೇಕು. ಆಟಗಳ ದೃಶ್ಯಗಳಲ್ಲಿ ತ್ರಿಕೋನಗಳ ಸಂಖ್ಯೆಯನ್ನು ಮೊದಲೇ ಮಿತಿಗೊಳಿಸಿರುತ್ತಾರೆ. ಶಾಸನದ ಸ್ಕ್ಯಾನ್ ಹಾಗಲ್ಲ. ಸವೆದ ಅಕ್ಷರದ ಅಂಚನ್ನು ಹಿಡಿಯಲು ಕೋಟಿ ತ್ರಿಕೋನಗಳಾದರೂ ಬೇಕಾಗಬಹುದು. ಅಂದರೆ ಶಾಸನತಜ್ಞನಿಗೆ ಅತ್ಯಂತ ಬೇಕಾದ ಬಗೆಯ ದತ್ತಾಂಶವೇ ಮೊಬೈಲ್ ಜಿಪಿಯುವಿಗೆ ಅತ್ಯಂತ ಒಗ್ಗದ ಬಗೆ. ಮುಂದಿನ ಚರ್ಚೆಗೆಲ್ಲ ಈ ವೈರುಧ್ಯವೇ ಆಧಾರ.

ಅಕ್ಷರ ಕೆಟ್ಟರೆ ಹೊಣೆ ಯಾರದು

ಹೊಸ ಲ್ಯಾಪ್‌ಟಾಪಿನಲ್ಲಿ ಕನ್ನಡ ಒಡೆದು ಕಂಡಾಗ ‘ಇದು ಫೋನಿನ ಚಿಪ್, ಕನ್ನಡಕ್ಕೆ ಒಗ್ಗದು’ ಎಂಬ ತೀರ್ಮಾನ ಸುಲಭವಾಗಿ ಹೊರಬೀಳುತ್ತದೆ. ಇದು ಸರಿಯಲ್ಲ. ‘ಸ್ತ್ರೀ’ ಎಂಬ ಪದದಲ್ಲಿ ಯುನಿಕೋಡಿನ ಆರು ಸಂಕೇತಗಳಿವೆ: ಸ, ವಿರಾಮ, ತ, ವಿರಾಮ, ರ, ಈಕಾರ. ಈ ಆರನ್ನು ಒಂದು ಅಕ್ಷರಗುಚ್ಛವಾಗಿ ಜೋಡಿಸುವುದು ಲಿಪಿವಿನ್ಯಾಸದ ತಂತ್ರಾಂಶ ಮತ್ತು ಫಾಂಟ್‌ನೊಳಗಿನ ನಿಯಮಗಳು. ‘ಸೂರ್ಯ’ದಲ್ಲಿ ರಕಾರವು ಸಂಕೇತಕ್ರಮದಲ್ಲಿ ಯಕಾರಕ್ಕಿಂತ ಮೊದಲಿದ್ದರೂ ಕನ್ನಡದಲ್ಲಿ ಅರ್ಕಾವತ್ತಾಗಿ ಅದರ ನಂತರ ಕಾಣಬೇಕು, ಇಂದಿನ ತೆಲುಗಿನಲ್ಲಿ ಅದೇ ಅನುಕ್ರಮ ರಕಾರದ ಕೆಳಗೆ ಯ ಒತ್ತಾಗಿ ಕಾಣುತ್ತದೆ. ಹಿಂದೂಪುರದ ದ್ವಿಭಾಷಿಕ ಓದುಗನಿಗೆ ಸಹಜವಾದ ಈ ವ್ಯತ್ಯಾಸವನ್ನು ನಿರ್ಧರಿಸುವುದು ಸಾಮಾನ್ಯ ಪ್ರೊಸೆಸರಿನಲ್ಲಿ ನಡೆಯುವ ತಂತ್ರಾಂಶ, ಜಿಪಿಯು ಅಲ್ಲ. ಸಿದ್ಧವಾದ ಅಕ್ಷರರೂಪಗಳನ್ನು ಪರದೆಯ ಮೇಲೆ ಇರಿಸುವುದಷ್ಟೇ ಜಿಪಿಯುವಿನ ಪಾಲಿನ ಕೆಲಸ, ಅದನ್ನು ಅತಿ ಅಗ್ಗದ ಚಿಪ್ ಕೂಡ ನಿರಾಯಾಸವಾಗಿ ಮಾಡುತ್ತದೆ.

ಹಳಗನ್ನಡದ ೞ, ಱ ಅಕ್ಷರಗಳು ಚೌಕಾಕಾರದ ಡಬ್ಬಿಗಳಾಗಿ ಕಂಡರೆ ಫಾಂಟ್ ಬದಲಿಸಬೇಕು. ಯುನಿಕೋಡಿನಲ್ಲಿ ೞ ಅಕ್ಷರಕ್ಕೆ ‘ಫ’ ಎಂಬರ್ಥದ ತಪ್ಪು ಹೆಸರು ಬಿದ್ದು, ಮುಂದೆ ತಿದ್ದುಪಡಿಯ ಪರ್ಯಾಯ ನಾಮ ಕೊಡಬೇಕಾಯಿತು ಎಂಬುದು ಹಳಗನ್ನಡದ ತೊಡಕುಗಳ ಬೇರು ಎಲ್ಲಿದೆ ಎಂಬುದನ್ನು ಸೂಚಿಸುತ್ತದೆ. ಚಿಪ್ ಬದಲಾದಾಗ ನಿಜವಾಗಿ ತೊಂದರೆ ಕೊಡಬಹುದಾದದ್ದು ಕೀಲಿಮಣೆಯ ತಂತ್ರಾಂಶ. ಆರ್ಮ್ ಆಧಾರಿತ ವಿಂಡೋಸ್ ಹಳೆಯ ಇಂಟೆಲ್ ತಂತ್ರಾಂಶಗಳನ್ನು ಅನುಕರಣದ ಮೂಲಕ ನಡೆಸುತ್ತದೆಯಾದರೂ, ಇತರ ತಂತ್ರಾಂಶಗಳೊಳಗೆ ಕೈಹಾಕುವ ಲಿಪಿಪ್ರವೇಶ ಸಾಧನಗಳನ್ನು ಆರ್ಮ್‌ಗಾಗಿಯೇ ಸಿದ್ಧಪಡಿಸಬೇಕೆಂದು ಮೈಕ್ರೋಸಾಫ್ಟ್ ಸೂಚಿಸುತ್ತದೆ. ವಿಂಡೋಸ್‌ನೊಳಗೇ ಇರುವ ಕನ್ನಡ ಕೀಲಿಮಣೆಗೆ ಈ ತೊಡಕಿಲ್ಲ.

ನೋಡುವ ಕೆಲಸ: ಓರೆ ಬೆಳಕು

ಸವೆದ ಶಾಸನವನ್ನು ಓದುವವರಿಗೆಲ್ಲ ಓರೆ ಬೆಳಕಿನ ಬೆಲೆ ಗೊತ್ತು. ನಡುಹಗಲಿನಲ್ಲಿ ಕಾಣದ ಗೆರೆ ಇಳಿಹೊತ್ತಿನಲ್ಲಿ ಎದ್ದು ಕಾಣುತ್ತದೆ. ಈ ಅನುಭವವನ್ನೇ ಗಣಿತಕ್ಕೆ ಇಳಿಸಿದ ವಿಧಾನವೊಂದನ್ನು ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಮಂಡಿಸಿದರು. ಕ್ಯಾಮೆರಾವನ್ನು ಅಲುಗಿಸದೆ, ದೀಪದ ದಿಕ್ಕನ್ನು ಮಾತ್ರ ಬದಲಿಸುತ್ತ ಹಲವಾರು ಚಿತ್ರಗಳನ್ನು ತೆಗೆದು, ಬೆಳಕಿನ ದಿಕ್ಕು ಬದಲಾದಂತೆ ಪ್ರತಿಯೊಂದು ಬಿಂದುವಿನ ಹೊಳಪು ಹೇಗೆ ಬದಲಾಗುತ್ತದೆ ಎಂಬುದನ್ನು ಆರು ಸಂಖ್ಯೆಗಳಲ್ಲಿ ಹಿಡಿದಿಡುತ್ತಾರೆ. ಆ ಬಳಿಕ ಪರದೆಯ ಮೇಲೆ ದೀಪವನ್ನು ಬೇಕಾದ ಕಡೆಗೆ ತಿರುಗಿಸಿ ಶಾಸನವನ್ನು ಓದಬಹುದು.

ಈ ವಿಧಾನಕ್ಕೆ ಬೇಕಾದ ಗ್ರಾಫಿಕ್ಸ್ ಶಕ್ತಿ ಅತ್ಯಲ್ಪ. ಒಂದು ಬಿಂದುವಿನ ಹೊಳಪಿಗೆ ಐದು ಗುಣಾಕಾರ, ಐದು ಸಂಕಲನ. ಇಡೀ ಪರದೆಗೆ ಸುಮಾರು ಎರಡು ಕೋಟಿ ಕ್ರಿಯೆ. ಸೆಕೆಂಡಿಗೆ 60 ಬಾರಿ ಮಾಡಿದರೂ ಸುಮಾರು 125 ಕೋಟಿ. ಇದು ಎಂ1ರ ಘೋಷಿತ ಸಾಮರ್ಥ್ಯದ ಎರಡು ಸಾವಿರದ ಒಂದು ಪಾಲು. ಜಿಯೋಬುಕ್ಕಿನಂಥ ಅಗ್ಗದ ಯಂತ್ರದ ಮಾಲಿ ಜಿಪಿಯುವಿಗೂ ಇದು ಹೊರೆಯಲ್ಲ. ಎಚ್ಚರ ಬೇಕಾದದ್ದು ಸ್ಮೃತಿಯ ವಿಷಯದಲ್ಲಿ. 24 ಮೆಗಾಪಿಕ್ಸೆಲ್‌ನ ಚಿತ್ರದಲ್ಲಿ ಬಿಂದುವೊಂದಕ್ಕೆ ಆರು ಗುಣಾಂಕ, ಮೂರು ಬಣ್ಣ ಎಂದು 9 ಬೈಟ್ ಹಿಡಿದರೆ ಒಟ್ಟು 216 ಎಂಬಿ. ಕಾರ್ಯಾಚರಣ ವ್ಯವಸ್ಥೆ, ಬ್ರೌಸರ್, ಜಿಪಿಯು ಎಲ್ಲವೂ ಒಂದೇ 4 ಜಿಬಿಯನ್ನು ಹಂಚಿಕೊಳ್ಳುವ ಯಂತ್ರದಲ್ಲಿ ಇದನ್ನು ಒಮ್ಮೆಲೇ ತುಂಬದೆ, ನೋಡುವ ಭಾಗವನ್ನಷ್ಟೇ ತುಣುಕುಗಳಾಗಿ ತರಿಸಬೇಕು. ಬ್ರೌಸರಿನೊಳಗೆ ಜಿಪಿಯುವನ್ನು ಬಳಸುವ ವೆಬ್‌ಜಿಎಲ್ ಎಂಬ ಮುಕ್ತ ಮಾನಕವು 2011ರಿಂದ ಇರುವುದರಿಂದ ಇಂಥ ಓದಿಗೆ ಪ್ರತ್ಯೇಕ ತಂತ್ರಾಂಶವೂ ಬೇಕಿಲ್ಲ.

ಕಟ್ಟುವ ಕೆಲಸ: ಛಾಯಾಚಿತ್ರಗಳಿಂದ ಆಕಾರ

ಹಲವು ಕೋನಗಳ ಛಾಯಾಚಿತ್ರಗಳಿಂದ ಕಲ್ಲಿನ ಮೂರು ಆಯಾಮದ ಆಕಾರವನ್ನು ಕಟ್ಟುವ ವಿಧಾನದ ಲೆಕ್ಕ ಬೇರೆಯೇ. ಒಂದು ವೀರಗಲ್ಲಿಗೆ 24 ಮೆಗಾಪಿಕ್ಸೆಲ್‌ನ 150 ಚಿತ್ರಗಳೆಂದು ಇಟ್ಟುಕೊಂಡರೆ ಒಟ್ಟು 360 ಕೋಟಿ ಬಿಂದುಗಳು. ಪ್ರತಿಯೊಂದನ್ನೂ ಐದು ನೆರೆಚಿತ್ರಗಳೊಂದಿಗೆ, 200 ಸಂಭಾವ್ಯ ಆಳಗಳಲ್ಲಿ, 25 ಬಿಂದುಗಳ ಸಣ್ಣ ತೇಪೆಯಾಗಿ ಹೋಲಿಸಿ ನೋಡಿದರೆ ಹೋಲಿಕೆಗಳ ಸಂಖ್ಯೆ 90 ಲಕ್ಷ ಕೋಟಿಗೆ ಏರುತ್ತದೆ. ಒಂದೊಂದು ಹೋಲಿಕೆಗೂ ಹಲವು ಕ್ರಿಯೆಗಳು ಬೇಕು. ಇಲ್ಲಿ ಮೊಬೈಲ್ ಮೂಲದ ಚಿಪ್‌ನ ಮಿತಿಗಳು ಮೂರು ರೀತಿಯಲ್ಲಿ ಗೋಚರಿಸುತ್ತವೆ.

ಮೊದಲನೆಯದು ಸ್ಮೃತಿಯ ಹರಿವು. ಎಂ1ರಲ್ಲಿ ಸ್ಮೃತಿಯಿಂದ ಸೆಕೆಂಡಿಗೆ ಸುಮಾರು 68 ಜಿಬಿ, ಸ್ನ್ಯಾಪ್‌ಡ್ರಾಗನ್ ಎಕ್ಸ್ ಇಲೈಟ್‌ನಲ್ಲಿ ಸುಮಾರು 135 ಜಿಬಿ ಹರಿಯುತ್ತದೆ, ಅದನ್ನೂ ಪ್ರೊಸೆಸರಿನೊಂದಿಗೆ ಹಂಚಿಕೊಳ್ಳಬೇಕು. ಮೇಜಿನ ಕಂಪ್ಯೂಟರಿನ ಆರ್‌ಟಿಎಕ್ಸ್ 3060 ಎಂಬ ಮಧ್ಯಮ ದರ್ಜೆಯ ಕಾರ್ಡಿನಲ್ಲಿ ಜಿಪಿಯು ಒಂದಕ್ಕೇ 360 ಜಿಬಿ ದೊರೆಯುತ್ತದೆ. ಹಂಚಿಕೆಯ ಸ್ಮೃತಿಗೆ ಒಂದು ಅನುಕೂಲವೂ ಇದೆ: 16 ಜಿಬಿಯ ಯಂತ್ರದಲ್ಲಿ ಅದರ ಬಹುಭಾಗವನ್ನು ಜಿಪಿಯು ಬಳಸಬಹುದಾದ್ದರಿಂದ, 4 ಅಥವಾ 6 ಜಿಬಿಯ ಪ್ರತ್ಯೇಕ ಕಾರ್ಡಿನಲ್ಲಿ ಹಿಡಿಸದ ಮಾದರಿಯನ್ನು ಇಲ್ಲಿ ತೆರೆಯಬಹುದು.

ಎರಡನೆಯದು ಶಾಖ. ಫೋನಿನ ಚಿಪ್ ಕೆಲವು ಕ್ಷಣಗಳ ಓಟಕ್ಕೆ ರೂಪುಗೊಂಡದ್ದು, ಗಂಟೆಗಟ್ಟಲೆಯ ದುಡಿಮೆಗಲ್ಲ. ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನ್ ಇಲ್ಲ. ಬಿಸಿ ಏರಿದಂತೆ ಚಿಪ್ ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆ ಯಂತ್ರವನ್ನು 10ರಿಂದ 35 ಡಿಗ್ರಿ ಉಷ್ಣತೆಯ ವಾತಾವರಣದಲ್ಲಿ ಬಳಸಬೇಕೆಂಬುದು ತಯಾರಕರ ಸೂಚನೆ. ಅನಂತಪುರ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕ್ಷೇತ್ರಕಾರ್ಯಕ್ಕೆ ಮಳೆಯಿಲ್ಲದ ದಿನಗಳನ್ನೇ ಆರಿಸುವುದು ವಾಡಿಕೆಯಾದ್ದರಿಂದ ಈ ಎರಡು ಅಂಕಿಗಳ ಅಂತರ ಕೇವಲ ಕಾಗದದ ಮೇಲಿನದಲ್ಲ.

ಮೂರನೆಯದು, ಎಲ್ಲಕ್ಕಿಂತ ಕಠಿಣವಾದದ್ದು, ತಂತ್ರಾಂಶ. ವಿದ್ವತ್ ವಲಯದಲ್ಲಿ ಉಚಿತವಾಗಿ ಬಳಕೆಯಲ್ಲಿರುವ ಕೋಲ್‌ಮ್ಯಾಪ್ ಮತ್ತು ಮೆಶ್‌ರೂಮ್ ತಂತ್ರಾಂಶಗಳು ದಟ್ಟ ಆಕಾರವನ್ನು ಕಟ್ಟುವ ಹಂತದಲ್ಲಿ ಎನ್‌ವಿಡಿಯಾ ಸಂಸ್ಥೆಯ ಕೂಡಾ ಎಂಬ ವ್ಯವಸ್ಥೆಯನ್ನು ಬೇಡುತ್ತವೆ. ಅಡ್ರೀನೊ, ಮಾಲಿ, ಆಪಲ್ ಜಿಪಿಯುಗಳಲ್ಲಿ ಅದು ಇಲ್ಲ. ಇಲ್ಲಿ ಶಕ್ತಿ ಸಾಲದೆ ಕೆಲಸ ನಿಧಾನವಾಗುವುದಿಲ್ಲ, ಕೆಲಸವೇ ನಡೆಯುವುದಿಲ್ಲ. ಆಪಲ್ ಯಂತ್ರಗಳಿಗೆ ಮೆಟಾಶೇಪ್‌ನಂಥ ಹಣ ತೆತ್ತು ಪಡೆಯುವ ತಂತ್ರಾಂಶವೂ, 2021ರಲ್ಲಿ ಆಪಲ್ ತಾನೇ ಒದಗಿಸಿದ ಆಬ್ಜೆಕ್ಟ್ ಕ್ಯಾಪ್ಚರ್ ವ್ಯವಸ್ಥೆಯೂ ಇವೆ. ಆದರೆ ಮುಕ್ತ ತಂತ್ರಾಂಶವನ್ನು ನೆಚ್ಚಿದ ಕೇಂದ್ರಕ್ಕೆ ಅವು ಪೂರ್ಣ ಉತ್ತರವಾಗಲಾರವು. ಸಿದ್ಧ ಮಾದರಿಗಳನ್ನು ತೆರೆದು ನೋಡುವ ತಂತ್ರಾಂಶಗಳು ಬಹುಪಾಲು ಓಪನ್‌ಜಿಎಲ್ ಎಂಬ ಹಳೆಯ ಮಾನಕವನ್ನು ಅವಲಂಬಿಸಿವೆ. ಆಪಲ್ ಅದನ್ನು 2018ರಲ್ಲಿಯೇ ಹಿನ್ನೆಲೆಗೆ ಸರಿಸಿದೆ. ಹಾಗಾಗಿ ಖರೀದಿಗೆ ಮುನ್ನ ಕೇಂದ್ರವು ಬಳಸುವ ತಂತ್ರಾಂಶವನ್ನು ತನ್ನದೇ ದತ್ತಾಂಶದೊಂದಿಗೆ ಆ ಯಂತ್ರದಲ್ಲಿ ಒಮ್ಮೆ ನಡೆಸಿ ನೋಡುವುದು ಯಾವ ಅಂಕಿಪಟ್ಟಿಗಿಂತಲೂ ವಿಶ್ವಾಸಾರ್ಹ.

ಕೆಲಸದ ಹಂಚಿಕೆ

ಮೇಲಿನ ಲೆಕ್ಕಗಳಿಂದ ಹೊರಡುವ ತೀರ್ಮಾನ ಒಂದು ಯಂತ್ರವನ್ನು ಹೊಗಳುವುದೂ ಅಲ್ಲ, ಇನ್ನೊಂದನ್ನು ತೆಗಳುವುದೂ ಅಲ್ಲ. ಕೆಲಸವನ್ನು ಮೂರಾಗಿ ಹಂಚುವುದು. ಕ್ಷೇತ್ರದಲ್ಲಿ ಚಿತ್ರಗಳನ್ನು ಪರಿಶೀಲಿಸಿ, ಬಿಟ್ಟುಹೋದ ಕೋನಗಳನ್ನು ಗುರುತಿಸಿ, ಓರೆ ಬೆಳಕಿನ ಓದನ್ನು ಸ್ಥಳದಲ್ಲಿಯೇ ಮಾಡಲು ಮೊಬೈಲ್ ಮೂಲದ ಲ್ಯಾಪ್‌ಟಾಪ್ ಉತ್ತಮ ಸಂಗಾತಿ. ವಿದ್ಯುತ್ತಿಲ್ಲದ ಗುಡಿಯ ಆವರಣದಲ್ಲಿ ಅದರ ಬ್ಯಾಟರಿಯೇ ದೊಡ್ಡ ಗುಣ. ಆಕಾರವನ್ನು ಕಟ್ಟುವ ಭಾರಿ ಕೆಲಸಕ್ಕೆ ಕೇಂದ್ರದಲ್ಲಿ ಪ್ರತ್ಯೇಕ ಕಾರ್ಡುಳ್ಳ ಒಂದು ಮೇಜಿನ ಕಂಪ್ಯೂಟರ್ ಸಾಕು. ಪ್ರತಿಯೊಬ್ಬ ಸಂಶೋಧಕನಿಗೂ ದುಬಾರಿ ಲ್ಯಾಪ್‌ಟಾಪ್ ಕೊಡಿಸುವುದಕ್ಕಿಂತ ಇದು ಮಿತವ್ಯಯದ ದಾರಿ.

ಮೂರನೆಯದು ಪ್ರಕಟಣೆ. ಒಂದು ಕೋಟಿ ತ್ರಿಕೋನಗಳ ಮಾದರಿಯು ಸ್ಮೃತಿಯಲ್ಲಿ ಸುಮಾರು 240 ಎಂಬಿ ಜಾಗ ಬೇಡುತ್ತದೆ. ಚೌಕ ವಿಂಗಡಣೆಯ ಜಿಪಿಯುವಿಗೆ ಅದೇ ದೊಡ್ಡ ಹೊರೆ. ಅದನ್ನು ಎರಡು ಲಕ್ಷ ತ್ರಿಕೋನಗಳಿಗೆ ಇಳಿಸಿ, ಕಳೆದುಹೋಗುವ ಸೂಕ್ಷ್ಮ ಏರಿಳಿತಗಳನ್ನು ಮೇಲ್ಮೈಯ ಬಾಗನ್ನು ಸೂಚಿಸುವ ಒಂದು ಚಿತ್ರವಾಗಿ ಹೊದಿಸಬಹುದು. 4096 ಬಿಂದು ಬದಿಯ ಅಂಥ ಚಿತ್ರವು ಬಿಂದುವಿಗೆ 4 ಬೈಟ್‌ನಂತೆ 67 ಎಂಬಿ ಹಿಡಿದರೆ, ಮೊಬೈಲ್ ಜಿಪಿಯುಗಳು ನೇರವಾಗಿ ಓದಬಲ್ಲ ಸಂಕುಚಿತ ರೂಪದಲ್ಲಿ ಬಿಂದುವಿಗೆ ಒಂದು ಬೈಟ್‌ನಂತೆ 17 ಎಂಬಿಗೆ ಇಳಿಯುತ್ತದೆ. ಆಗ ಕಲ್ಲು ಅಗ್ಗದ ಯಂತ್ರದಲ್ಲಿಯೂ ಸರಾಗವಾಗಿ ತಿರುಗುತ್ತದೆ.

ಆದರೆ ಹೀಗೆ ಇಳಿಸಿದ ಮಾದರಿ ಮೂಲವಲ್ಲ. ಗ್ರಂಥಸಂಪಾದನೆಯ ಮಾತಿನಲ್ಲಿ ಹೇಳುವುದಾದರೆ ಅದು ಒಂದು ಪಾಠಾಂತರ. ಸಂಕೋಚನದಲ್ಲಿ ಮಸುಕಾದ ಗೆರೆಯೊಂದು ಅನುಸ್ವಾರವನ್ನು ಅಳಿಸಬಹುದು. ಕಲ್ಲಿನ ಚಕ್ಕೆಯ ಗುಳಿಯೊಂದು ಅನುಸ್ವಾರದಂತೆ ಕಾಣಬಹುದು. ಆದ್ದರಿಂದ ಪ್ರಕಟಿಸಿದ ಪ್ರತಿಯೊಂದು ಮಾದರಿಯೂ ಯಾವ ಮೂಲದಿಂದ, ಎಷ್ಟು ಇಳಿಸಿ, ಯಾವ ವಿಧಾನದಿಂದ ಸಿದ್ಧವಾಯಿತೆಂಬ ಟಿಪ್ಪಣಿಯನ್ನು ಹೊತ್ತಿರಬೇಕು, ಮೂಲ ಚಿತ್ರಗಳು ಕೇಂದ್ರದಲ್ಲಿ ಭದ್ರವಾಗಿರಬೇಕು. ಓದಿನ ವಿವಾದ ಬಂದಾಗ ಮರಳಿ ಹೋಗಬೇಕಾದ್ದು ಮೂಲ ಚಿತ್ರಗಳಿಗೆ, ಅಲ್ಲಿಂದ ಕಲ್ಲಿಗೆ.

ಹಗುರ ಮಾದರಿಗಾಗಿ ಇಷ್ಟು ಶ್ರಮ ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಶಾಸನಶಾಖೆ 1966ರಿಂದ ಮೈಸೂರಿನಲ್ಲಿದೆ. ಅದು ಸಂಗ್ರಹಿಸಿದ ಪಡಿಯಚ್ಚುಗಳನ್ನು ನೋಡಲು ಅಲ್ಲಿಗೆ ಹೋಗಬೇಕು. 1939ರ ಸಂಪುಟ ದೊಡ್ಡ ಗ್ರಂಥಾಲಯಗಳ ಸೊತ್ತು. ಹೆಂಜೇರಿನ ಕಲ್ಲಿನ ಪಕ್ಕದಲ್ಲಿಯೇ ಬೆಳೆದು, ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ತೆಲುಗನ್ನೂ ಆಡುವ ವಿದ್ಯಾರ್ಥಿಗೆ ತನ್ನೂರಿನ ಶಾಸನದ ಓದು ಈವರೆಗೆ ದೂರದ ವಸ್ತುವಾಗಿತ್ತು. ಅವನ ಕೈಗೆ ಬರುವ ಮೊದಲ ಕಂಪ್ಯೂಟರ್ ಬಹುಶಃ ಫೋನಿನ ಚಿಪ್ ಇರುವ ಅಗ್ಗದ ಲ್ಯಾಪ್‌ಟಾಪ್, ಇಲ್ಲವೇ ಫೋನೇ. ಪ್ರಬಲ ಜಿಪಿಯು ಇದ್ದವರಿಗೆ ಮಾತ್ರ ತೆರೆಯುವ ಸಂಗ್ರಹವನ್ನು ಕಟ್ಟಿದರೆ ಗಡಿನಾಡಿನ ಕಲ್ಲು ಮತ್ತೊಮ್ಮೆ ಮಹಾನಗರಕ್ಕೆ ಹೋದಂತಾಗುತ್ತದೆ. ಸಂಗ್ರಹದ ಅಳತೆಗೋಲಾಗಬೇಕಾದದ್ದು ಕೇಂದ್ರದ ಅತ್ಯುತ್ತಮ ಯಂತ್ರವಲ್ಲ, ಓದುಗನ ಅತ್ಯಂತ ಸಾಮಾನ್ಯ ಯಂತ್ರ. 4 ಜಿಬಿ ಸ್ಮೃತಿಯ, ಮಾಲಿ ಜಿಪಿಯುವಿನ ಒಂದು ಅಗ್ಗದ ಲ್ಯಾಪ್‌ಟಾಪನ್ನು ಕೇಂದ್ರದಲ್ಲಿ ಇರಿಸಿಕೊಂಡು, ಪ್ರಕಟಣೆಗೆ ಮುನ್ನ ಪ್ರತಿಯೊಂದು ಮಾದರಿಯನ್ನೂ ಅದರಲ್ಲಿ ತೆರೆದು ನೋಡುವ ಪದ್ಧತಿಯನ್ನು ಹಾಕಿಕೊಳ್ಳುವುದು ಇದಕ್ಕೆ ಸುಲಭವಾದ ಮೊದಲ ಹೆಜ್ಜೆ.